ಕೆಎಚ್ ಹನಿ ಪರೀಕ್ಷೆಯ ಕಿಟ್: ಮೂರು ವರ್ಷ ಬಳಸಿದ ಮೇಲೆ

ಬೆಂಗಳೂರಿನ ನಮ್ಮ ಮನೆಯಲ್ಲಿರುವ 100 ಲೀಟರಿನ ಗಪ್ಪಿ ತೊಟ್ಟಿಗಾಗಿ ಈ ಕಿಟ್ಟನ್ನು ಕೊಂಡು ಮೂರು ವರ್ಷವಾಯಿತು. ಪೆಟ್ಟಿಗೆಯಲ್ಲಿರುವುದು ಎರಡು ಪುಟ್ಟ ಬಾಟಲಿ, ಎರಡು ಗಾಜಿನ ನಳಿಕೆ ಮತ್ತು ಮಡಚಿದ ಒಂದು ಹಾಳೆ. ಒಂದು ಬಾಟಲಿ ನೀರಿನ ಒಟ್ಟು ಗಡಸುತನವನ್ನೂ ಇನ್ನೊಂದು ಕೆಎಚ್, ಅಂದರೆ ಕಾರ್ಬೊನೇಟ್ ಗಡಸುತನವನ್ನೂ ಅಳೆಯುತ್ತದೆ. ನನ್ನ ತೊಟ್ಟಿಯನ್ನು ಉಳಿಸಿದ್ದು ಈ ಎರಡನೆಯದು.

ಮೊದಲು ನನ್ನ ಬಳಿ ಪಿಎಚ್ ಕಿಟ್ ಮಾತ್ರ ಇತ್ತು. ಬೋರ್‌ವೆಲ್ ನೀರು ತೀರಾ ಗಡಸು ಎಂದು ಹೆದರಿ, ಅಡುಗೆಮನೆಯ ಆರ್‌ಒ ನೀರನ್ನೇ ವಾರವಾರವೂ ತೊಟ್ಟಿಗೆ ಹಾಕುತ್ತಿದ್ದೆ. ಕೆಲವು ತಿಂಗಳಲ್ಲಿ 7.4 ಇದ್ದ ಪಿಎಚ್ 6ಕ್ಕೆ ಇಳಿದು, ಗಪ್ಪಿಗಳು ಈಜುರೆಕ್ಕೆ ಮುದುಡಿಕೊಂಡು ನಿಂತಲ್ಲೇ ಓಲಾಡತೊಡಗಿದವು. ಪಿಎಚ್ ಏರಿಸುವ ದ್ರಾವಣ ಹಾಕಿದರೆ ಸಂಜೆಗೆ ಏರುತ್ತಿತ್ತು, ಎರಡು ದಿನದಲ್ಲಿ ಮತ್ತೆ ಕುಸಿಯುತ್ತಿತ್ತು. ಆ ಏರಿಳಿತದಲ್ಲಿ ನಾಲ್ಕು ಮೀನುಗಳು ಸತ್ತವು. ಕಿಟ್ ಬಂದ ದಿನ 5 ಮಿ.ಲೀ. ನೀರಿಗೆ ಒಂದು ಹನಿ ಬಿಟ್ಟೆ. ನೀಲಿಯಾಗಬೇಕಿದ್ದ ನೀರು ಮೊದಲ ಹನಿಗೇ ಹಳದಿಗೆ ತಿರುಗಿತು. ಕೆಎಚ್ ಇರಲೇ ಇಲ್ಲವೆನ್ನಬಹುದು.

ಮೀನಿನ ತ್ಯಾಜ್ಯದ ಅಮೋನಿಯವನ್ನು ಫಿಲ್ಟರಿನ ಬ್ಯಾಕ್ಟೀರಿಯಾ ನೈಟ್ರೇಟ್ ಆಗಿಸುವಾಗ ಆಮ್ಲ ಹುಟ್ಟುತ್ತದೆ, ಅದನ್ನು ನೀರಿನ ಬೈಕಾರ್ಬೊನೇಟ್ ತಾಳಿಕೊಳ್ಳುತ್ತದೆ. ಕೆಎಚ್ ಪರೀಕ್ಷೆ ಅಳೆಯುವುದು ಈ ಬೈಕಾರ್ಬೊನೇಟನ್ನೇ. ಆರ್‌ಒ ನೀರಿನಲ್ಲಿ ಆ ದಾಸ್ತಾನೇ ಇಲ್ಲವಾದ್ದರಿಂದ ಪಿಎಚ್ ಕುಸಿಯುತ್ತದೆ, ಬ್ಯಾಕ್ಟೀರಿಯಾ ಮಂದವಾಗುತ್ತದೆ, ಅಮೋನಿಯ ಹೆಚ್ಚು ವಿಷವಲ್ಲದ ಅಮೋನಿಯಂ ರೂಪದಲ್ಲಿ ಸೇರುತ್ತಾ ಹೋಗುತ್ತದೆ. ಆಗ ಪಿಎಚ್ಚನ್ನು ಒಮ್ಮೆಲೇ ಏರಿಸಿದರೆ ಅದು ಮತ್ತೆ ವಿಷಕಾರಿ ಅಮೋನಿಯವಾಗುತ್ತದೆ. ನಾನು ಉಪಚಾರವೆಂದು ಮಾಡಿದ್ದೇ ಮೀನುಗಳಿಗೆ ಮುಳುವಾಗಿರಬೇಕು ಎಂಬುದು ಈಗಲೂ ನನ್ನನ್ನು ಕಾಡುತ್ತದೆ.

ನಮ್ಮ ಬೋರ್‌ವೆಲ್ ನೀರು ನೀಲಿಯಿಂದ ಹಳದಿಗೆ ತಿರುಗಲು 14 ಹನಿ ಬೇಕಾಗುತ್ತದೆ, ಒಂದು ಹನಿಯೆಂದರೆ ಕೆಎಚ್‌ನ ಒಂದು ಡಿಗ್ರಿ. ಈಗ ಅದನ್ನು ಆರ್‌ಒ ನೀರಿನೊಂದಿಗೆ ಬೆರೆಸಿ, ಬಕೆಟ್ಟಿನಲ್ಲೇ ಪರೀಕ್ಷಿಸಿ, 6 ಡಿಗ್ರಿಯ ಆಸುಪಾಸಿಗೆ ತಂದ ಮೇಲೆಯೇ ತೊಟ್ಟಿಗೆ ಹಾಕುತ್ತೇನೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಬಂದಾಗ ಒಮ್ಮೆ 18 ಹನಿ ಹಿಡಿಯಿತು. ಅಳೆಯದೆ ಹಾಕಿದ್ದರೆ ಮತ್ತೊಂದು ಅನಾಹುತವಾಗುತ್ತಿತ್ತು. ಪಿಎಚ್ 7.4ರಿಂದ 7.6ರ ನಡುವೆ ತಾನಾಗಿಯೇ ನಿಂತಿದೆ, ದ್ರಾವಣದ ಬಾಟಲಿಯನ್ನು ಎಸೆದಿದ್ದೇನೆ.

ಕುಂದುಗಳೂ ಇವೆ. ಕೆಎಚ್ ಕಡಿಮೆಯಿದ್ದಾಗ ಬಣ್ಣ ಎಷ್ಟು ತೆಳುವಾಗಿರುತ್ತದೆಯೆಂದರೆ ಟ್ಯೂಬ್‌ಲೈಟಿನಲ್ಲಿ ಕಾಣುವುದೇ ಇಲ್ಲ. ಹಗಲಿನಲ್ಲಿ ಬಿಳಿ ಹಾಳೆಯ ಮುಂದೆ ಹಿಡಿದು ನೋಡಬೇಕು. 10 ಮಿ.ಲೀ. ನೀರು ತೆಗೆದುಕೊಂಡರೆ ಹನಿಗೆ ಅರ್ಧ ಡಿಗ್ರಿಯಾಗಿ, ಲೆಕ್ಕ ಇನ್ನಷ್ಟು ನಿಖರವಾಗುತ್ತದೆ. ಬಾಟಲಿಯನ್ನು ಓರೆಯಾಗಿ ಹಿಡಿದರೆ ಹನಿಯ ಗಾತ್ರ ಬದಲಾಗುತ್ತದೆ.

ಹಳೆಯ ಬಾಟಲಿಯ ಮೇಲೆ ಅನುಮಾನ ಬಂದಾಗ ನಾನು ಮಾಡುವ ಪರೀಕ್ಷೆ ಇದು: ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿನ 1 ಲೀಟರಿನಲ್ಲಿ 6 ಗ್ರಾಂ ಅಡುಗೆ ಸೋಡಾ ಕರಗಿಸಿ, ಅದರಲ್ಲಿ 25 ಮಿ.ಲೀ. ತೆಗೆದು, ಮತ್ತೆ ಡಿಸ್ಟಿಲ್ಡ್ ವಾಟರ್ ಸೇರಿಸಿ 1 ಲೀಟರ್ ಮಾಡಿದರೆ ಅದು 5 ಡಿಗ್ರಿಯ ನೀರು. ಮುಚ್ಚಳ ಸಡಿಲವಾಗಿಯೇ ಉಳಿದಿದ್ದ ನನ್ನ ಮೊದಲ ಬಾಟಲಿ ಅದಕ್ಕೆ 7 ಹನಿ ತೋರಿಸಿತು, ಹೊಸದು 5. ಕೆಎಚ್ ಬಾಟಲಿ ಇನ್ನೊಂದಕ್ಕಿಂತ ಬಹಳ ಮೊದಲೇ ಮುಗಿಯುವುದರಿಂದ ಅದನ್ನು ಬಿಡಿಯಾಗಿಯೂ ಮಾರಬೇಕು.