ಚಿತ್ರದೊಳಗೆ ಹೊಕ್ಕ ಮಕ್ಕಳು: ಒಂದು ನಿರಾಸೆ, ಎರಡು ಪರ್ಯಾಯ

ಷಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್‌ನಲ್ಲಿ ಥಾರ್ನ್ ರೂಮ್ಸ್ ಎಂಬ 68 ಪುಟಾಣಿ ಕೋಣೆಗಳಿವೆ. ನಿಜದ ಒಂದು ಅಡಿಗೆ ಇಲ್ಲಿ ಒಂದಂಗುಲದ ಅಳತೆ. ಮ್ಯಾರಿಯನ್ ಮಲೋನ್ ಬರೆದ ‘ದಿ ಸಿಕ್ಸ್ಟಿ-ಎಯ್ಟ್ ರೂಮ್ಸ್’ (2010) ಎಂಬ ಮಕ್ಕಳ ಕಾದಂಬರಿಯಲ್ಲಿ ರೂಥಿ, ಜಾಕ್ ಎಂಬ ಆರನೇ ಕ್ಲಾಸಿನ ಮಕ್ಕಳು ಹಳೇ ಬೀಗದಕೈಯ ಮಾಯೆಯಿಂದ ಕುಗ್ಗಿ ಇವುಗಳೊಳಗೆ ಹೋಗುತ್ತಾರೆ. ಐದಡಿಯ ಮಗು ಐದಂಗುಲವಾದರೆ, ಒಂದೂವರೆ ಅಂಗುಲದ ಜಿರಲೆ ಅದರ ಕಣ್ಣಿಗೆ ಒಂದೂವರೆ ಅಡಿ! ಕೋಣೆಗಳ ಹಿಂದಿನ ಓಣಿಯಲ್ಲಿ ನಡೆಯುವ ಭಾಗ ಅದಕ್ಕೇ ಚುರುಕಾಗಿದೆ.

ಒಳಗೆ ಹೋದಮೇಲೆ ಕತೆ ಸೊರಗುತ್ತದೆ. ಕೋಣೆಯ ಬಾಗಿಲು ದಾಟಿದರೆ ಕ್ರಾಂತಿಗೆ ಮುಂಚಿನ ಫ್ರಾನ್ಸ್. ಅಂಥ ಜಾಗಕ್ಕೆ ಹೋದವರು ಒಂದಿಷ್ಟು ಮಾತಾಡಿ ಹಿಂದಿರುಗುತ್ತಾರೆ, ಅಷ್ಟೆ. ಬೀಗದಕೈಯ ಪೂರ್ವೇತಿಹಾಸ ಹದಿನಾರನೇ ಶತಮಾನದ ಮಿಲಾನಿನ ಡಚೆಸ್ (ರಾಜಮನೆತನದ ಹೆಣ್ಣು) ಕ್ರಿಸ್ಟೀನಾವರೆಗೂ ಹೋಗುತ್ತದೆ. ಅದನ್ನು ಬಳಸಿದ್ದಕ್ಕೆ ಮಕ್ಕಳು ಏನು ತೆರಬೇಕು ಅನ್ನುವುದು ಮಾತ್ರ ತೂಕ ಪಡೆಯುವುದಿಲ್ಲ. ಮೇಜು ಕುರ್ಚಿಗಳ ವರ್ಣನೆ ಮ್ಯೂಸಿಯಂ ಫಲಕ ಓದಿದ ಹಾಗಿದೆ.

ಕ್ಯಾಥರೀನ್ ಸ್ಟೋರ್ ಅವರ ‘ಮೇರಿಯನ್ ಡ್ರೀಮ್ಸ್’ (1958) ಇದಕ್ಕೆ ತದ್ವಿರುದ್ಧ. ಕಾಯಿಲೆ ಬಿದ್ದ ಹುಡುಗಿ ಹಳೇ ಪೆನ್ಸಿಲಿನಲ್ಲಿ ಮನೆಯೊಂದನ್ನು ಬರೆಯುತ್ತಾಳೆ. ಕನಸಿನಲ್ಲಿ ಆ ಮನೆ ಮುಂದೆ ನಿಂತಿರುತ್ತಾಳೆ. ಬಾಗಿಲು ತೆಗೆಯಲು ಒಳಗೆ ಯಾರಾದರೂ ಇರಬೇಕಲ್ಲ ಅಂತ ಕಿಟಕಿಯಲ್ಲಿ ಹುಡುಗನನ್ನು ಬರೆಯುತ್ತಾಳೆ. ಆಮೇಲೆ ಅವನ ಮೇಲೆ ಸಿಟ್ಟು ಬಂದು ಕಿಟಕಿಗೆ ಸರಳು, ಸುತ್ತ ಕಣ್ಣುಳ್ಳ ಕಲ್ಲುಗಳು. ಬರೆದದ್ದನ್ನು ರಬ್ಬರಿನಿಂದ ಅಳಿಸಲಾಗದು, ಹೊಸದನ್ನು ಸೇರಿಸಬಹುದು ಅಷ್ಟೇ. ಈ ಒಂದೇ ಕಟ್ಟುಪಾಡು ಕತೆಯನ್ನು ಕೊನೆತನಕ ಎಳೆದುಕೊಂಡು ಹೋಗುತ್ತದೆ: ಪ್ರತಿ ಗೆರೆಗೂ ಅವಳೇ ಹೊಣೆ. ಒಂಬತ್ತು ವರ್ಷಕ್ಕಿಂತ ಚಿಕ್ಕವರಿಗೆ ಆ ಕಲ್ಲುಗಳು ರಾತ್ರಿ ನಿದ್ದೆ ಕೆಡಿಸಬಹುದು, ಎಚ್ಚರ.

ಸಿ. ಎಸ್. ಲೂಯಿಸ್ ‘ದಿ ವಾಯೇಜ್ ಆಫ್ ದಿ ಡಾನ್ ಟ್ರೆಡರ್’ನಲ್ಲಿ (1952) ಮೊದಲ ಅಧ್ಯಾಯದಲ್ಲೇ ಮಕ್ಕಳನ್ನು ಒಳಕ್ಕೆ ತಳ್ಳಿಬಿಡುತ್ತಾರೆ. ಮದುವೆಗೆ ಬಂದ ಉಡುಗೊರೆ, ಎಸೆಯುವಂತಿಲ್ಲ ಅಂತ ಹಿಂದಿನ ಕೋಣೆಗೆ ತಳ್ಳಿದ ಹಡಗಿನ ಚಿತ್ರ ಅದು. (ಎಲ್ಲರ ಮನೆಯಲ್ಲೂ ಇಂಥದ್ದೊಂದು ಇರುತ್ತದೆ.) ಮೊದಲು ಅಲೆ ಅಲುಗುತ್ತದೆ, ಗಾಳಿ ಬೀಸುತ್ತದೆ, ಉಪ್ಪುನೀರು ಮೈಮೇಲೆ ರಾಚುತ್ತದೆ. ಚಿತ್ರವನ್ನು ಒಡೆಯಲು ನುಗ್ಗಿದ ಯೂಸ್ಟೇಸ್ ಎಂಬ ಹುಡುಗನೇ ಎಲ್ಲರೊಂದಿಗೆ ಸಮುದ್ರಕ್ಕೆ ಬೀಳುತ್ತಾನೆ. ಮುಂದೆ ಚಿತ್ರದ ಪ್ರಸ್ತಾಪ ಇಲ್ಲವೆಂಬಷ್ಟು ಕಡಿಮೆ. ಚಿತ್ರದ ಮಾಯೆಯನ್ನೇ ಹುಡುಕುವವರಿಗೆ ಇದು ಸಾಲದು.

ಗಟ್ಟಿಯಾಗಿ ಓದಿ ಹೇಳುವುದಾದರೆ ಲೂಯಿಸ್, ಹತ್ತು ದಾಟಿದವರು ತಾವೇ ಓದಿಕೊಳ್ಳಲು ಸ್ಟೋರ್. ಮಲೋನ್ ಪುಸ್ತಕವನ್ನು ಕೊಡುವುದಾದರೆ ಆ ಕೋಣೆಗಳ ಫೋಟೋಗಳನ್ನೂ ಪಕ್ಕದಲ್ಲಿಡಿ. ಪುಸ್ತಕದಲ್ಲಿ ಸಪ್ಪೆ ಅನ್ನಿಸಿದ ಕುರ್ಚಿಗಳನ್ನು ಫೋಟೋದಲ್ಲಿ ಮಕ್ಕಳು ಕಣ್ಣರಳಿಸಿ ನೋಡುತ್ತಾರೆ.