ಒಂದಡಿ ಉದ್ದಕ್ಕೆ ಆಸೆಪಟ್ಟು ಎಂಟು ಗಂಟೆ ಕೆಸರಲ್ಲಿ ಕೂತ ಕಥೆ

ಆಳವಿಲ್ಲದ ನೀರಲ್ಲಿ ಗಾಳ ಹಾಕೋಕೆ ಫೈಬರ್ ದೋಣಿ ಹುಡುಕುತ್ತಿರುವವರು, ಅದರಲ್ಲೂ 16 ಅಡಿಯದ್ದೋ 17 ಅಡಿಯದ್ದೋ ಎಂದು ತಲೆ ಕೆಡಿಸಿಕೊಂಡಿರುವವರು, ಮುಂಗಡ ಕೊಡುವ ಮುಂಚೆ ಇದನ್ನು ಓದಿ. ನಾನು ಮುಂಗಡ ಕೊಟ್ಟ ಮೇಲೆ ಕಲಿತೆ.

ನನ್ನ ಮುಂದೆ ಎರಡು ದೋಣಿಗಳಿದ್ದವು. ಒಂದು 16 ಅಡಿ ಉದ್ದ, 5 ಅಡಿ 10 ಇಂಚು ಅಗಲ. ಇನ್ನೊಂದು 17 ಅಡಿ ಉದ್ದ, 5 ಅಡಿ 2 ಇಂಚು ಅಗಲ. ಎರಡರ ಕರಪತ್ರದಲ್ಲೂ ಡ್ರಾಫ್ಟ್, ಅಂದರೆ ದೋಣಿಯ ತಳ ನೀರೊಳಗೆ ಇಳಿಯುವ ಆಳ, 6 ಇಂಚು ಎಂದೇ ಬರೆದಿತ್ತು. ಅಗಲದ ಸಾಲನ್ನು ನಾನು ಓದಲಿಲ್ಲ ಅಂತಲ್ಲ, ಓದಿ ಬಿಟ್ಟೆ. ಎಂಟು ಇಂಚು ತಾನೇ ಅನ್ನಿಸಿತು. ಮಾರುವವನು ಬೇರೆ, "ಸಾರ್, ನಾಳೆ ಇನ್ನೊಂದಡಿ ಬೇಕು ಅಂದ್ರೆ ಎಲ್ಲಿಂದ ತರ್ತೀರಿ?" ಅಂದ. ಆ ಮಾತಿಗೆ ನಾನು ಬಿದ್ದೆ. 17 ಅಡಿಯದ್ದಕ್ಕೆ ಕೈ ಹಾಕಿದೆ.

ಟ್ರಯಲ್ ಕೊಟ್ಟಿದ್ದು ಆಳದ ನೀರಲ್ಲಿ. ದೋಣಿಯಲ್ಲಿ ಅವನು, ನಾನು, ಅಷ್ಟೇ. ಟ್ಯಾಂಕಿನಲ್ಲಿ ತಳ ಒದ್ದೆಯಾಗುವಷ್ಟು ಪೆಟ್ರೋಲು. ಎಕ್ಸಲರೇಟರ್ ಕೊಟ್ಟಕೂಡಲೇ ಮೂತಿ ಎತ್ತಿ ಹಾರಿತು. ಹಾರದೆ ಇನ್ನೇನು? ಹೊರೆಯೇ ಇರಲಿಲ್ಲ.

ಮೊದಲ ದೊಡ್ಡ ಪಾಠ ಅಳಿವೆಯ ಒಳಗಿನ ಕೆಸರು ಬಯಲಿನಲ್ಲಿ ಸಿಕ್ಕಿತು. ನಾನು, ನನ್ನ ಭಾಮೈದ, ಒಬ್ಬ ಗೆಳೆಯ. ಉಬ್ಬರ ಪೂರ್ತಿಯಾಗಿ ಎರಡು ಗಂಟೆ ಕಳೆದಿತ್ತು, ಬೆಳಗಿನ ಒಂಬತ್ತರ ಹೊತ್ತು. ವೇಗದಲ್ಲಿ ಹೋಗುತ್ತಿದ್ದಾಗ ದೋಣಿ ನೀರಿನ ಮೇಲೆ ಜಾರುತ್ತಿತ್ತು, ತಳ ಎಲ್ಲೂ ತಗಲಲಿಲ್ಲ. ಮುಂದೆ ಮೀನಿನ ಬಾಲ ಮಿಂಚಿತು. ಸದ್ದಾಗಬಾರದೆಂದು ಎಂಜಿನ್ ಆಫ್ ಮಾಡಿದೆ. ದೋಣಿ ಮೆತ್ತಗೆ ಕೂತಿತು. ಗಾಳ ಎಸೆದು ಎರಡು ನಿಮಿಷವೂ ಆಗಿರಲಿಲ್ಲ, "ಭಾವ, ಯಾಕೋ ದೋಣಿ ಅಲುಗಾಡ್ತಾನೇ ಇಲ್ಲ" ಅಂದ ಭಾಮೈದ.

ಕರಪತ್ರಗಳು ಮುಚ್ಚಿಡುವ ವಿಷಯ ಇದೇ. ವೇಗದಲ್ಲಿ ಜಾರುವ ದೋಣಿಗೆ ಬೇಕಾಗುವ ನೀರು ಕಡಿಮೆ, ನಿಂತ ದೋಣಿಗೆ ಜಾಸ್ತಿ, ನಿಂತಲ್ಲಿಂದ ಮತ್ತೆ ಎದ್ದು ಜಾರಲು ಎಲ್ಲಕ್ಕಿಂತ ಜಾಸ್ತಿ. ಏಳುವಾಗ ಹಿಂಭಾಗ ಇನ್ನೂ ತಗ್ಗುತ್ತದೆ, ಪ್ರೊಪೆಲರ್ ಕೆಳಗಿರಲೇಬೇಕು. ಓಡುತ್ತ ದಾಟಿದ ಜಾಗದಲ್ಲಿ ನಿಂತೆವೋ, ಅಲ್ಲೇ ಸೆರೆ.

ಎಂಜಿನ್ ಮೇಲಕ್ಕೆತ್ತಿ ಗಳ ಊರಿದೆವು. ಗಳ ಕೆಸರಲ್ಲಿ ಎರಡಡಿ ಹೂತಿತು, ಕೀಳಲು ಹೋದರೆ ನಾವೇ ಹಿಂದಕ್ಕೆ ಬಂದೆವು. ಭಾರ ಇಳಿಸೋಣವೆಂದು ಭಾಮೈದ ಕೆಳಗಿಳಿದ, ತೊಡೆಯವರೆಗೆ ಹುಗಿದುಹೋದ. ಅವನನ್ನು ಎಳೆದು ದೋಣಿಗೆ ಹಾಕಿಕೊಳ್ಳುವಷ್ಟರಲ್ಲಿ ಮೂವರಿಗೂ ಏದುಸಿರು. ದಯವಿಟ್ಟು ಮೆತ್ತನೆ ಕೆಸರಿಗೆ ಇಳಿಯಬೇಡಿ, ನೀರು ಮೊಣಕಾಲುದ್ದವೇ ಇರಲಿ.

ಇಳಿತದ ಲೆಕ್ಕ ಗೊತ್ತಿದ್ದವರು ಆ ಹೊತ್ತಿನಲ್ಲಿ ಅಲ್ಲಿ ನಿಲ್ಲುತ್ತಲೇ ಇರಲಿಲ್ಲ. ದಿನಕ್ಕೆ ಎರಡು ಸಲ ಉಬ್ಬರ ಬರುವ ಕಡೆ, ಆರು ಗಂಟೆಯ ಇಳಿತದಲ್ಲಿ ನೀರು ಒಂದೇ ಸಮನೆ ಇಳಿಯುವುದಿಲ್ಲ. ಇಳಿಯುವ ಒಟ್ಟು ನೀರನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಗೆ ಒಂದು ಪಾಲು, ಎರಡನೆಯದಕ್ಕೆ ಎರಡು, ಮೂರು ಮತ್ತು ನಾಲ್ಕನೆಯದಕ್ಕೆ ಮೂರು ಮೂರು, ಆಮೇಲೆ ಎರಡು, ಒಂದು. ನಾವು ಸಿಕ್ಕಿಕೊಂಡದ್ದು ಸರಿಯಾಗಿ ಮೂರನೇ ಗಂಟೆಯಲ್ಲಿ. ಒಟ್ಟು 1.2 ಮೀಟರ್ ಇಳಿಯುವ ದಿನವಾದರೆ ಆ ಒಂದು ಗಂಟೆಯಲ್ಲೇ 30 ಸೆಂಟಿಮೀಟರ್ ಹೋಗುತ್ತದೆ, ಅಂದರೆ ನಿಮಿಷಕ್ಕೆ ಅರ್ಧ ಸೆಂಟಿಮೀಟರ್. ತಪ್ಪು ಯಾರದ್ದೆಂದು ನಾವು ವಾದ ಮಾಡಿದ ಐದು ನಿಮಿಷದಲ್ಲಿ ಒಂದಿಂಚು ನೀರು ಖಾಲಿ.

ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಉಬ್ಬರ ಕಳೆದು ಎರಡು ಗಂಟೆಗೆ ಕೂತ ದೋಣಿ ಮುಂದಿನ ಉಬ್ಬರಕ್ಕೆ ಎರಡು ಗಂಟೆ ಮುಂಚೆ ಏಳುತ್ತದೆ. ನಮಗೆ ಸಂಜೆ ಐದೂವರೆ ಆಯಿತು. ಹುಣ್ಣಿಮೆ ಹತ್ತಿರವಾಗುತ್ತಿದ್ದದ್ದರಿಂದ ಮುಂದಿನ ಉಬ್ಬರವೂ ಜೋರಾಗಿ ಬಂತು. ಹುಣ್ಣಿಮೆ ಕಳೆದು ನೀರಿನ ಬಲ ತಗ್ಗುವ ದಿನಗಳಾಗಿದ್ದರೆ, ತುದಿ ಉಬ್ಬರದಲ್ಲಿ ಕೂತವರು ಮರುದಿನವೂ ಅಲ್ಲೇ ಇರಬೇಕಾಗಬಹುದು.

ಎಂಟು ಗಂಟೆ ಮಾಡುವುದೇನು? ಮೊಬೈಲ್ ತೆಗೆದು ಲೆಕ್ಕ ಹಾಕಿದೆ, ಕೊಳ್ಳುವ ಮುಂಚೆ ಹಾಕಬೇಕಿದ್ದ ಲೆಕ್ಕ. ಈ ಗಾತ್ರದ ದೋಣಿ ನೀರಿನ ಮಟ್ಟದಲ್ಲಿ ಹರಡಿಕೊಳ್ಳುವುದು ಹೆಚ್ಚುಕಡಿಮೆ 5 ಚದರ ಮೀಟರ್. ದೋಣಿ ತನ್ನ ತೂಕದಷ್ಟೇ ನೀರನ್ನು ಸರಿಸುವುದರಿಂದ, ಪ್ರತಿ 50 ಕೆಜಿ ಹೊರೆಗೆ ಅದು ಒಂದು ಸೆಂಟಿಮೀಟರ್ ಇಳಿಯುತ್ತದೆ. ಕರಪತ್ರದ 6 ಇಂಚು ಬರಿಯ ಚಿಪ್ಪಿನದು, ಅಂದರೆ ಎಂಜಿನ್ನೂ ಹೊರೆಯೂ ಇಲ್ಲದ ಖಾಲಿ ದೋಣಿಯದು ಎಂದು ಮಾರಿದವನು ಆಮೇಲೆ ಒಪ್ಪಿಕೊಂಡ. ಅದರ ಮೇಲೆ 60 ಎಚ್‌ಪಿ ಎಂಜಿನ್ 110 ಕೆಜಿ, ಎರಡು ಬ್ಯಾಟರಿ 50, ಅರವತ್ತು ಲೀಟರ್ ಪೆಟ್ರೋಲು 45, ಜೀವಂತ ಮೀನಿಡುವ ತೊಟ್ಟಿಯ ನೀರು 60, ಮೂವರು ಸೇರಿ 230, ಲಂಗರು ಐಸ್ ಪೆಟ್ಟಿಗೆ ಸಾಮಾನು 40. ಒಟ್ಟು 535 ಕೆಜಿ. ಹತ್ತೂವರೆ ಸೆಂಟಿಮೀಟರಿಗಿಂತ ಜಾಸ್ತಿ, ನಾಲ್ಕಿಂಚಿನ ಮೇಲೆ. ಅದೂ ಹೊರೆ ಸಮನಾಗಿ ಹಂಚಿದ್ದರೆ. ನಮ್ಮದರಲ್ಲಿ ಎಂಜಿನ್, ಬ್ಯಾಟರಿ, ಟ್ಯಾಂಕು, ತೊಟ್ಟಿ ಎಲ್ಲ ಹಿಂದೆಯೇ. ಮೂತಿ ಮೇಲೆ, ಹಿಂಭಾಗ ಕೆಳಗೆ. ಮನೆಗೆ ಬಂದು ಕೋಲಿನಿಂದ ಅಳೆದರೆ ಹಿಂಭಾಗದಲ್ಲಿ ಒಂದಡಿ! ಆರಿಂಚಿನ ದೋಣಿಯಂತೆ.

ಇನ್ನು ಆ ಎಂಟು ಇಂಚು ಅಗಲದ ವಿಷಯ. ಉದ್ದವನ್ನು ಅಗಲದಿಂದ ಗುಣಿಸಿದರೆ 16 ಅಡಿಯದ್ದು 93, ನನ್ನದು 88. ಒಂದಡಿ ಜಾಸ್ತಿ ಉದ್ದವಿದ್ದೂ ನನ್ನ ದೋಣಿ ನೀರಿನ ಮೇಲೆ ಹರಡುವುದು ಕಡಿಮೆ. ಗರಿಷ್ಠ ಜನ, ಗರಿಷ್ಠ ಎಚ್‌ಪಿ ಬರೆದ ಫಲಕವಿಲ್ಲದ ಸಣ್ಣ ದೋಣಿಗೆ ಎಷ್ಟು ಜನ ಎಂದು ತಿಳಿಯಲು ಅಮೆರಿಕದ ಕೋಸ್ಟ್ ಗಾರ್ಡ್ ಹೇಳುವ ಒಂದು ಸ್ಥೂಲ ಲೆಕ್ಕವಿದೆ: ಅಡಿಗಳಲ್ಲಿ ಉದ್ದ ಗುಣಿಸು ಅಗಲ, ಭಾಗಿಸು 15. ಅದರ ಪ್ರಕಾರ ಚಿಕ್ಕದಕ್ಕೆ ಆರು ಜನ, ದೊಡ್ಡದಕ್ಕೆ ಐದೇ. (ನೀರು ಶಾಂತವಾಗಿದ್ದಾಗಿನ ಗರಿಷ್ಠ ಅದು. ಗಾಳ ಬೀಸಲು ಆರು ಜನ ನಿಂತರೆ ಒಬ್ಬರ ಕಿವಿಯಾದರೂ ಹೋದೀತು.)

ಓಲಾಟದ ವಿಷಯದಲ್ಲಿ ಅಗಲದ ಆಟ ಇನ್ನೂ ಕಠಿಣ. ಪಕ್ಕಕ್ಕೆ ವಾಲದೆ ನಿಲ್ಲುವ ಬಲ ಉದ್ದ ಹೆಚ್ಚಿದಷ್ಟೇ ಹೆಚ್ಚುತ್ತದೆ, ಆದರೆ ಅಗಲದ ಘನದಷ್ಟು ಹೆಚ್ಚುತ್ತದೆ. ಒಂದೇ ಆಕಾರ ಎಂದುಕೊಂಡರೆ ನನ್ನ 17 ಅಡಿಯದ್ದಕ್ಕೆ ಆ 16 ಅಡಿಯದ್ದರ ಮುಕ್ಕಾಲು ಪಾಲು ಬಲ ಮಾತ್ರ. ಇದು ನನಗೆ ಗೊತ್ತಾಗಿದ್ದು ಗಣಿತದಿಂದಲ್ಲ. ಗೆಳೆಯನ ಗಾಳಕ್ಕೆ ಒಳ್ಳೆ ಮೀನು ಬಿತ್ತು, ಕೈಬಲೆ ಹಿಡಿದು ನಾನೂ ಅದೇ ಪಕ್ಕಕ್ಕೆ ಓಡಿದೆ. ದೋಣಿ ವಾಲಿತು, ನಾನು ಮೊಣಕಾಲೂರಿದೆ, ಗೆಳೆಯ ನೀರಲ್ಲಿ. ಲೈಫ್ ಜಾಕೆಟ್ ಹಾಕಿದ್ದ. ಗಾಳದ ಪೆಟ್ಟಿಗೆ ಹಾಕಿರಲಿಲ್ಲ, ಅದು ಹೋಯಿತು. ಮೀನೂ ಹೋಯಿತು.

ರಿಪೇರಿ ಮಾಡಲು ಹೋಗಿ ಇನ್ನಷ್ಟು ಕೆಡಿಸಿದ್ದೂ ಇದೆ. ಎಂಜಿನ್ ಮೇಲಕ್ಕೆತ್ತಿದರೆ ಸಮಸ್ಯೆ ಮುಗಿಯುತ್ತದೆಂದು, ಹಿಂಭಾಗದ ಹಲಗೆಗೂ ಎಂಜಿನ್ನಿಗೂ ನಡುವೆ ಕೂರುವ ಜ್ಯಾಕ್ ಪ್ಲೇಟ್ ಹಾಕಿಸಿದೆ. ಅದು ಎಂಜಿನ್ನನ್ನು ಎತ್ತುತ್ತದೆ ನಿಜ, ಜೊತೆಗೆ ಕೆಲವು ಇಂಚು ಹಿಂದಕ್ಕೂ ತಳ್ಳುತ್ತದೆ, ತನ್ನ ತೂಕವನ್ನೂ ಸೇರಿಸುತ್ತದೆ. ಹಿಂಭಾಗ ಇನ್ನೂ ತಗ್ಗಿತು. ಡೆಕ್ಕಿನ ನೀರು ತಾನಾಗಿ ಹೊರಹೋಗಲು ಹಿಂದೆ ಬಿಟ್ಟಿದ್ದ ತೂತುಗಳು ನೀರಿನ ಮಟ್ಟಕ್ಕಿಂತ ಕೆಳಗಾದವು. ಆಮೇಲೆ ನೀರು ಹೊರಹೋಗುವ ಬದಲು ಒಳಬರತೊಡಗಿತು. ಹಿಂದಿನ ಮೂಲೆಯಲ್ಲಿ ಇಬ್ಬರು ನಿಂತರೆ ಪಾದ ಮುಳುಗುವಷ್ಟು. ಬ್ಯಾಟರಿಗಳನ್ನು ಮೂತಿಯ ಕಡೆ ಸಾಗಿಸಿದ್ದೊಂದೇ ಕೆಲಸಕ್ಕೆ ಬಂದ ರಿಪೇರಿ. ತಳದಲ್ಲಿ ಸುರಂಗದಂಥ ತೋಡು ಇರುವ ದೋಣಿ ತಗೊಳ್ಳಬೇಕಿತ್ತು ಎಂದು ಕೆಲವರು ಹೇಳಿದರು. ಪ್ರೊಪೆಲರನ್ನು ಮೇಲಿಡಲು ಅದು ಒಳ್ಳೆಯದೇ, ಆದರೆ ಆ ತೋಡು ಕಸಿದುಕೊಳ್ಳುವುದು ಹಿಂಭಾಗದ ತೇಲುವ ಶಕ್ತಿಯನ್ನೇ.

ಎಂಜಿನ್ ಬಗ್ಗೆ ಇನ್ನೊಂದು ಮಾತು. ಫಲಕದಲ್ಲಿ ಗರಿಷ್ಠ 60 ಎಂದಿತ್ತು, ನಾನು 60 ಹಾಕಿಸಿದೆ. 40ಕ್ಕೆ ಇಳಿದಿದ್ದರೆ ಉಳಿಯುತ್ತಿತ್ತೇ ಎಂದರೆ ಅಷ್ಟೇನೂ ಇಲ್ಲ. ನಾಲ್ಕು ಸ್ಟ್ರೋಕಿನ 40, 60 ಎರಡೂ 100 ಕೆಜಿಯ ಆಸುಪಾಸಿನವೇ. 25ಕ್ಕೆ ಇಳಿದರೆ 60-70 ಕೆಜಿ, ಆಗ ವ್ಯತ್ಯಾಸ ಕಾಣುತ್ತದೆ. ಆದರೆ 25 ಎಚ್‌ಪಿ ಮೂವರನ್ನು ಎಬ್ಬಿಸಿ ಜಾರಿಸಲು ಒದ್ದಾಡುತ್ತದೆ. ಎಷ್ಟು ಜನ ಹೋಗುತ್ತೀರಿ ಎಂಬುದು ಮೊದಲು ಇತ್ಯರ್ಥವಾಗಬೇಕು.

ಹಾಗಾಗಿ ಟ್ರಯಲ್‌ಗೆ ಹೋಗುವಾಗ ನಿಮ್ಮ ಜೊತೆ ನಿಜವಾಗಿ ಬರುವ ಜನರನ್ನೇ ಕರೆದುಕೊಂಡು ಹೋಗಿ. ಟ್ಯಾಂಕು ತುಂಬಿಸಲು ಹೇಳಿ, ತೊಟ್ಟಿಗೆ ನೀರು ಬಿಡಿಸಿ. ದೋಣಿ ನಿಂತಿರುವಾಗ ಇಂಚು ಗುರುತು ಹಾಕಿದ ಕೋಲನ್ನು ಹಿಂಭಾಗದ ಹಲಗೆಗೆ ಒತ್ತಿ ಹಿಡಿದು ಅಳೆಯಿರಿ. ಎಲ್ಲರೂ ಒಂದೇ ಪಕ್ಕಕ್ಕೆ ಬನ್ನಿ, ಆಮೇಲೆ ಎಲ್ಲರೂ ಹಿಂದಕ್ಕೆ ಬನ್ನಿ, ತೂತುಗಳಿಂದ ನೀರು ಒಳಬರುತ್ತದೆಯೇ ನೋಡಿ. ಸೊಂಟದುದ್ದ ನೀರಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಿ ನೋಡಿ, ಅಂಚಿಗೆ ಸಣ್ಣ ಅಲೆ ಬಡಿದಾಗ ಪಟಪಟ ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ. ಆ ಸದ್ದಿಗೆ ಮೀನು ದೂರದಿಂದಲೇ ಚದುರುತ್ತದೆ. ಮಾರುವವನು ಇದಕ್ಕೆಲ್ಲ ಗೊಣಗಿದರೆ ಗೊಣಗಲಿ.

ನನ್ನ ದೋಣಿ ಕೆಟ್ಟದ್ದಲ್ಲ, ನನಗೆ ಸಲ್ಲದ್ದು. ಉದ್ದವಾಗಿ, ಅಗಲ ಕಿರಿದಾಗಿದ್ದರಿಂದ ಒಬ್ಬರೇ ಗಳ ಊರಿದರೆ ಬೆಣ್ಣೆಯಲ್ಲಿ ಚಾಕು ಹೋದಂತೆ ಹೋಗುತ್ತಿತ್ತು, ಎದುರಲೆಯನ್ನು ಆ ಅಗಲದ್ದಕ್ಕಿಂತ ನಯವಾಗಿ ಸೀಳುತ್ತಿತ್ತು. ಮಾರಲು ಇಟ್ಟಾಗ ಬಂದವರೆಲ್ಲ ಕೇಳಿದ್ದು ಒಂದೇ: "17 ಅಡಿ ತಾನೇ?" ಹೌದು ಎಂದು ಹೇಳಿ ಮೂವರನ್ನೂ ಹತ್ತಿಸಿ, ಕೋಲು ಹಿಡಿದು ಅಳೆದು ತೋರಿಸಿದೆ. ಇಬ್ಬರು ಮೆಲ್ಲಗೆ ಜಾಗ ಖಾಲಿ ಮಾಡಿದರು. ಕೊನೆಗೆ ಒಬ್ಬರು ಬಂದರು, ಒಂಟಿಯಾಗಿ ಮೀನು ಹಿಡಿಯುವವರು. ಎಂಜಿನ್ ಇಳಿಸಿಕೊಡಿ, ನನ್ನ ಹತ್ತಿರ ಹಳೇ 25 ಎಚ್‌ಪಿ ಇದೆ ಅಂದರು. ಜ್ಯಾಕ್ ಪ್ಲೇಟನ್ನು ಕಿತ್ತು ಕೊಟ್ಟೆ. ಅಗಲದ ಹದಿನಾರಡಿಯದ್ದು ಈಗ ನನ್ನ ಹತ್ತಿರವಿದೆ, ಜೊತೆಗೆ ಕೊಳ್ಳುವವರು ಸಿಗದೆ ಉಳಿದ ಒಂದು ಜ್ಯಾಕ್ ಪ್ಲೇಟೂ.