ತರ್ಕದ ಸೆಮಿನಾರ್: ಕ್ಯಾಂಟರ್‌ನಿಂದ ಶುರು ಮಾಡೋದಾ, ಗೊಡೆಲ್‌ನಿಂದಲಾ?

ಕೊಡಗಿನಲ್ಲಿ ಗಣಿತ ಎಂಎಸ್ಸಿ ಓದುವ ಗೆಳೆಯರು ನಾಲ್ಕೈದು ಜನ ಸೇರಿ, ಅಂಕದ ಗೊಡವೆ ಇಲ್ಲದೆ, ವಾರಕ್ಕೊಮ್ಮೆ ತರ್ಕದ ಸೆಮಿನಾರ್ ನಡೆಸಬೇಕು ಅಂತಿದ್ದರೆ ಮೊದಲು ಬರುವ ಪ್ರಶ್ನೆ ಇದೇ.

ಗಣ ಸಿದ್ಧಾಂತ (ಸೆಟ್ ಥಿಯರಿ) ಕಟ್ಟಿದ ಗಣಿತಜ್ಞ ಕ್ಯಾಂಟರ್ ದಾರಿ ಸಲೀಸು. ಅನಂತಗಳಲ್ಲೂ ಚಿಕ್ಕದು ದೊಡ್ಡದು ಇದೆ ಎಂದು ತೋರಿಸುವ ಅವರ 1891ರ ಕರ್ಣದ ವಾದ ಒಂದೇ ಸಂಜೆಗೆ ಬೋರ್ಡ್ ಮೇಲೆ ಮುಗಿಯುತ್ತದೆ. ಬಿಎಸ್ಸಿ ಹುಡುಗರೂ ಕೂರಬಹುದು, ಒಂದು ವಾರ ತಪ್ಪಿಸಿದವರೂ ಮತ್ತೆ ಸೇರಿಕೊಳ್ಳಬಹುದು. ಮಳೆಗಾಲದಲ್ಲಿ ನಾಪೋಕ್ಲು, ಭಾಗಮಂಡಲ ಕಡೆಯಿಂದ ಮಡಿಕೇರಿಗೆ ಬರುವವರಿಗೆ ಇದು ಸಣ್ಣ ವಿಷಯ ಅಲ್ಲ. ಆದರೆ ನಿರಂತರತೆಯ ಊಹೆಯನ್ನು (ಎಣಿಕೆಯ ಸಂಖ್ಯೆಗಳ ಅನಂತಕ್ಕೂ ವಾಸ್ತವ ಸಂಖ್ಯೆಗಳ ಅನಂತಕ್ಕೂ ನಡುವೆ ಬೇರೆ ಅನಂತ ಇಲ್ಲ ಅನ್ನುವುದು) ಗಣ ಸಿದ್ಧಾಂತದ ಮಾಮೂಲಿ ಮೂಲಸೂತ್ರಗಳಿಂದ ಸಾಧಿಸಲಾಗದು ಎಂದು ಪಾಲ್ ಕೋಹೆನ್ 1963ರಲ್ಲಿ ತೋರಿಸಿದ ಫೋರ್ಸಿಂಗ್ ವಿಧಾನಕ್ಕೆ ಮಾತ್ರ ಗೊತ್ತಿರುವವರೊಬ್ಬರ ನೆರವಿಲ್ಲದೆ ಕೈಹಾಕಬೇಡಿ.

ತರ್ಕಶಾಸ್ತ್ರಜ್ಞ ಗೊಡೆಲ್ ದಾರಿ ಬೇರೆ ಥರ. 1931ರ ಅಪೂರ್ಣತೆ ಪ್ರಮೇಯಕ್ಕೆ ಮೊದಲು ಸೂತ್ರಗಳಿಗೆ ಸಂಖ್ಯೆ ಕೊಡಬೇಕು, ಆಮೇಲೆ ರಿಕರ್ಸಿವ್ ಫಂಕ್ಷನ್ (ಹೆಜ್ಜೆ ಹೆಜ್ಜೆಯಾಗಿ ಲೆಕ್ಕ ಹಾಕಬಹುದಾದದ್ದು), ಆಮೇಲೆ ತನ್ನ ಬಗ್ಗೆ ತಾನೇ ಹೇಳುವ ವಾಕ್ಯ. ಒಂದು ವಾರ ತಪ್ಪಿದರೆ ಎಳೆ ಕಡಿಯುತ್ತದೆ. ಆದರೂ, ತನ್ನೊಳಗೇ ವಿರೋಧ ಇಲ್ಲದ, ಅಂಕಗಣಿತ ಹಿಡಿಸುವಷ್ಟು ಬಲ ಇರುವ, ಮೂಲಸೂತ್ರ ಯಾವುದು ಅಂತ ಯಂತ್ರವೂ ಗುರುತಿಸಬಹುದಾದ ಯಾವ ವ್ಯವಸ್ಥೆಯಲ್ಲೂ ಸಾಧಿಸಲೂ ಆಗದ, ಅಲ್ಲಗಳೆಯಲೂ ಆಗದ ವಾಕ್ಯ ಇದ್ದೇ ಇರುತ್ತದೆ ಅನ್ನುವುದನ್ನು ಹೆಜ್ಜೆ ಹೆಜ್ಜೆಯಾಗಿ ನಾವೇ ಸಾಧಿಸುವ ಖುಷಿ ದೊಡ್ಡದು. ಕಂಪ್ಯೂಟರ್ ಸೈನ್ಸ್‌ನವರಿದ್ದರೆ ಇನ್ನೂ ಒಳ್ಳೆಯದು, ಯಂತ್ರ ಏನನ್ನು ಲೆಕ್ಕ ಹಾಕಬಲ್ಲದು, ಏನನ್ನು ಹಾಕಲಾರದು ಅನ್ನುವ ಅಲನ್ ಟ್ಯೂರಿಂಗ್‌ರ 1936ರ ಕೆಲಸಕ್ಕೆ ಇಲ್ಲಿಂದ ನೇರ ಹೋಗಬಹುದು.

ಬಂದುಹೋಗುವವರೇ ಜಾಸ್ತಿ ಇದ್ದರೆ ಕ್ಯಾಂಟರ್. ತಪ್ಪದೆ ಬರುವ ಮೂವರಿದ್ದರೂ ಸಾಕು, ನಾನಂತೂ ಗೊಡೆಲ್ ಆರಿಸಿಕೊಳ್ಳಿ ಎನ್ನುತ್ತೇನೆ. ಅಲ್ಲೂ ಕರ್ಣದ ಉಪಾಯವೇ ಕೆಲಸ ಮಾಡುವುದರಿಂದ ಅದನ್ನು ಮೊದಲ ಸಂಜೆಯೇ ನೋಡಿಬಿಡಿ.